ಹೆಸರು ಹೇಳುವಂತಿಲ್ಲ

ಐರ್ಲೆಂಡಿನ ಆ ಪಡುವಣ ಬಂದರಿನಲ್ಲಿ ಹುಟ್ಟಲಿರುವ ಮಗುವಿನ ಹೆಸರು ಅದರ ತಾಯಿಗಿಂತ ಮೊದಲು ಕ್ಷೌರದಂಗಡಿಯ ಮ್ಯಾಲಕಿಗೆ ಗೊತ್ತಾಗುತ್ತಿತ್ತು. ಸತ್ತವರಿಗೆ ತಾವು ಸತ್ತ ಸುದ್ದಿ ಸಿಗುತ್ತಿದ್ದುದೂ ಅವನ ಕುರ್ಚಿಯಲ್ಲಿ ಬಂದು ಕೂತ ಮೇಲೆಯೇ. ಕಡಲಿನ ಮೀನುಗಳಂತೂ ಅವನನ್ನೊಂದು ಮಾತು ಕೇಳದೆ ಬಲೆಗೆ ಬೀಳುತ್ತಿರಲಿಲ್ಲ. ಹೀಗೆಂದು ಅವನೇ ಹೇಳುತ್ತಿದ್ದ. ವರ್ಷಗಟ್ಟಲೆ ಊರು ಅದನ್ನು ಕೇಳಿ ನಕ್ಕು, ತಲೆ ಕೊಟ್ಟು, ಕಾಸು ಕೊಟ್ಟು ಎದ್ದು ಹೋಗುತ್ತಿತ್ತು. ನಂಬಿದವರು ಒಬ್ಬರೂ ಇಲ್ಲ.

ಇಂಥ ಮ್ಯಾಲಕಿಯ ಕತ್ತರಿ ಈ ಶನಿವಾರ ಬೆಳಿಗ್ಗೆ ಮುದುಕ ಫೆಸ್ಟಿಯ ಕಿವಿಯ ಹತ್ತಿರ ನಿಂತುಬಿಟ್ಟಿತು. ಎದುರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಲ್ಲಾ ನೋಡಿಕೊಳ್ಳುವ ನೂಲಾ ಸೀದಾ ಒಳಗೆ ಬಂದು, ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಕನ್ನಡಿಯ ಮುಂದೆ ಕುಕ್ಕಿದ್ದಳು.

"ಇದೇನು ತಾಯಿ?"

"ಆಪಲ್ ಟಾರ್ಟು. ಮನೇಲಿ ಇಡೋಕೆ ಜಾಗ ಇಲ್ಲ. ವಾರದಿಂದ ಹೆಂಗಸರು ಸಾವಿನ ಮನೆಗೆ ಬರೋ ಹಾಗೆ ಬರ್ತಾರೆ, ಬಾಗಿಲಲ್ಲಿ ಒಂದು ಟಾರ್ಟು ಇಟ್ಟು, ನನ್ನ ಕೈ ಹಿಸುಕಿ ಹೋಗ್ತಾರೆ. ಯಾರು ಸತ್ರು ಅಂತ ಕೇಳಿದ್ರೆ, 'ನೀನೇನೂ ಹೇಳ್ಬೇಡ ಮಗಳೇ, ನಮಗೆ ಗೊತ್ತು' ಅಂತಾರೆ. ಏನು ಗೊತ್ತು ಅಂತ ಇವತ್ತು ತಿಳೀತು. ನಿನ್ನ ಪ್ರಸಾದವಂತೆ."

ಹಿಂದಿನ ವಾರ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ಈ ಭಾಗದ, ನಲವತ್ತು ದಾಟಿದ ಗಂಡಸೊಬ್ಬನ ಮೇಲೆ ಅತ್ಯಾಚಾರದ ಆರೋಪ. ತಪ್ಪು ಸಾಬೀತಾಗುವ ತನಕ ಅವನ ಹೆಸರು ಅಚ್ಚಾಗಕೂಡದು, ದೂರು ಕೊಟ್ಟವಳದ್ದು ಆಮೇಲೂ ಕೂಡದು, ಕಾನೂನು ಹಾಗೆ. ಅಂದು ಮ್ಯಾಲಕಿಯ ಅಂಗಡಿಯಲ್ಲಿ, ಅವನ ಪ್ರಕಾರ, ಸಾವಿರ ಜನ; ಕುರ್ಚಿ ಇದ್ದದ್ದು ಮೂರು. "ಯಾರಪ್ಪಾ ಅದು, ನಿನಗೆ ಗೊತ್ತಿರದೆ ಇರುತ್ತಾ?" ಎಂದು ಯಾರೋ ಕೆಣಕಿದ್ದರು. ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಬೀದಿಯಾಚೆಯ ಹಾರ್ಡ್‌ವೇರ್ ಅಂಗಡಿಯ ಕೋಲ್ಮನ್‌ನ ಕಡೆ ಬಾಚಣಿಗೆ ತೋರಿಸಿ ಹುಬ್ಬು ಹಾರಿಸಿದ, ಅಷ್ಟೇ. ಕೋಲ್ಮನ್ ಅಂದಮೇಲೆ ಆ ಹೆಂಗಸು ಯಾರೆಂದು ಶಾಸ್ತ್ರ ಕೇಳಬೇಕೇ? ಅವನ ಅಂಗಡಿಯಲ್ಲಿ ಕೆಲಸಕ್ಕಿದ್ದವಳು ಒಬ್ಬಳೇ, ನೂಲಾ. ಮ್ಯಾಲಕಿಯ ಬಾಯಿಂದ ಹೊರಟ ಬೆಟ್ಟದಂಥ ಸುಳ್ಳುಗಳನ್ನೆಲ್ಲ ಜಾಡಿಸಿ ಬಿಟ್ಟ ಊರು, ಬಾಯಿಂದ ಹೊರಡದ ಇದೊಂದನ್ನು ನಂಬಿಬಿಟ್ಟಿತು.

"ಅದು ನಾನಲ್ಲ, ಅವನೂ ಅಲ್ಲ ಅಂತ ನೀನೇ ಅವರಿಗೆ ಹೇಳಿಬಿಡಬಾರದಾ?" ಎಂದ ಮ್ಯಾಲಕಿ.

"ಗಂಟಲು ಹರಿಯೋ ಹಾಗೆ ಹೇಳ್ದೆ. 'ಹಾಗೇ ಹೇಳ್ಬೇಕು, ಜಾಣೆ' ಅಂದ್ರು. ಒಂದು ಮೊಳೆ ಕೊಳ್ಳೋಕೂ ಜನ ಬರ್ತಿಲ್ಲ. ಕೋಲ್ಮನ್ ಠಾಣೆಗೆ ಹೋಗಿ, ಅದು ನಾನಲ್ಲ ಅಂತ ನೀವೇ ಒಂದು ಮಾತು ಹೇಳಿ ಅಂತ ಬೇಡ್ಕೊಂಡ. ಯಾರು ಅಂತಲೂ ಹೇಳೋ ಹಾಗಿಲ್ವಂತೆ, ಯಾರಲ್ಲ ಅಂತಲೂ ಹೇಳೋ ಹಾಗಿಲ್ವಂತೆ."

"ಅದಕ್ಕೇ ನಾನನ್ನೋದು, ಪೇಪರಲ್ಲಿ ಹೆಸರು ಹಾಕ್ಬೇಕು," ಎಂದ ಫೆಸ್ಟಿ, ಕುತ್ತಿಗೆಗೆ ಕಟ್ಟಿದ ಬಟ್ಟೆಯೊಳಗಿಂದ. "ಹಾಕಿದ್ರೆ ಈ ಗೋಳೇ ಇರ್ತಿರಲಿಲ್ಲ."

"ಹಾಕಿದ್ರೆ ಆ ಹೆಣ್ಣು ಯಾರು ಅಂತ ಸಂಜೆಯೊಳಗೆ ಹುಡುಕಿ ತೆಗೀತಿದ್ರಿ. ಈ ಟಾರ್ಟೆಲ್ಲ ಅವಳ ಬಾಗಿಲಿಗೆ ಹೋಗ್ತಿತ್ತು. ಪಾಪ, ಅವಳು ಸತ್ತೇ ಹೋಗ್ತಿದ್ಲು," ಎಂದಳು ನೂಲಾ.

"ಹಾಗಾದ್ರೆ ಹಾಕ್ಬಾರದು."

"ಹಾಕದೆ ಇದ್ದಿದ್ದಕ್ಕೇ ಅಲ್ವಾ ನಾವು ಸಿಕ್ಕಿಕೊಂಡಿದ್ದು? ಹೆಸರು ಬಂದವನನ್ನ ನಾಳೆ ಕೋರ್ಟು ನಿರ್ದೋಷಿ ಅಂತ ಬಿಡಬಹುದು. ಕೇಸೇ ಇಲ್ಲದ ಕೋಲ್ಮನ್‌ನ ಯಾವ ಕೋರ್ಟು ಬಿಡುಗಡೆ ಮಾಡುತ್ತೆ?"

"ಹಾಗಾದ್ರೆ ಹಾಕ್ಬೇಕು," ಎಂದ ಫೆಸ್ಟಿ. "ಅಲ್ವಾ?" ಎಂದು ಕನ್ನಡಿಯಲ್ಲಿ ನೂಲಾಳನ್ನು ನೋಡಿದ. ಸರದಿಗೆ ಕಾದು ಕೂತಿದ್ದ ಇಬ್ಬರು ತಮ್ಮ ಬೂಟು ನೋಡಿಕೊಂಡರು.

ನೂಲಾಳ ದನಿ ತಗ್ಗಿತು. "ನಾಳೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಎಲ್ಲರಿಗೂ ಹೇಳೋಣ ಅಂತಿದ್ವಿ. ನಾನೂ ಕೋಲ್ಮನ್ನೂ ಮದುವೆ ಆಗ್ತಿದೀವಿ ಅಂತ. ಈಗ ಆದ್ರೆ, ಕೇಸು ಮುಚ್ಚಿಹಾಕೋಕೆ ಕಟ್ಟಿಕೊಂಡ ಅಂತಾರೆ. ಆಗದಿದ್ರೆ, ನೋಡು, ನಿಜವೇ ಇರ್ಬೇಕು ಅಂತಾರೆ. ನಿನಗೆ ಅವನ ಹೆಸರು ಹೇಳಿದ್ದು ಯಾರು ಮ್ಯಾಲಕಿ?"

"ನನಗಾ? ಡಬ್ಲಿನ್ನಿನ ದೊಡ್ಡ ನ್ಯಾಯಾಧೀಶರು ನನ್ನ ಹತ್ತಿರವೇ ತಲೆ..."

"ಯಾವ ನ್ಯಾಯಾಧೀಶರು?"

"ಅವರಲ್ಲ. ಅವರ ಡ್ರೈವರು."

"ಯಾವ ಡ್ರೈವರು?"

ಜಗತ್ತಿನ ಎಲ್ಲ ಡ್ರೈವರುಗಳ ಹೆಸರೂ ಬಲ್ಲ ಮ್ಯಾಲಕಿಗೆ ಒಂದೂ ನೆನಪಾಗಲಿಲ್ಲ. ಕತ್ತರಿಯನ್ನು ಕೆಳಗಿಟ್ಟ.

"ಡ್ರೈವರು ಇಲ್ಲ," ಎಂದ ಪಿಸುದನಿಯಲ್ಲಿ. "ಯಾರೂ ಹೇಳಲಿಲ್ಲ ನೂಲಾ. ನನ್ನನ್ನ ಕೇಳಿದ್ರು. ಗೊತ್ತಿಲ್ಲ ಅನ್ನೋದು ನನಗೆ ಬರಲ್ಲ. ಬಾಗಿಲಾಚೆ ನೋಡ್ದೆ, ಕೋಲ್ಮನ್ ಅಂಗಡಿ ಮುಂದೆ ಬಕೆಟ್ ಜೋಡಿಸ್ತಾ ನಿಂತಿದ್ದ. ಅಷ್ಟೇ. ಬೇರೆ ಯಾರಾದ್ರೂ ನಿಂತಿದ್ರೆ ಅವನ ಹೆಸರೇ ಆಗ್ತಿತ್ತು."

"ಇದನ್ನ ಇವರಿಗೂ ಕೇಳೋ ಹಾಗೆ ಹೇಳು."

ಹೇಳಿದ. ಹುಟ್ಟಿದಾಗಿನಿಂದ ಆಡಿದ ಮೊದಲ ಅಪ್ಪಟ ನಿಜವನ್ನು, ಸುಣ್ಣ ಬಣ್ಣ ಹಚ್ಚದೆ, ತಡವರಿಸುತ್ತ, ಕೊನೆಯ ಮಾತಿಗೆ ದನಿ ನಡುಗಿಸಿಕೊಂಡು ಹೇಳಿದ. ನೂಲಾ ಆ ಮೂವರ ಮುಖಗಳನ್ನು ಒಂದೊಂದಾಗಿ ನೋಡಿದಳು.

ಅರ್ಧ ತಲೆ ಕತ್ತರಿಸಿಕೊಂಡ ಫೆಸ್ಟಿ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ಚೆನ್ನಾಗಿ ಹೇಳ್ದೆ ಮಾರಾಯ," ಎಂದ ಮೆಲ್ಲಗೆ. "ಹೀಗೆ ಹೇಳು ಅಂತ ಪೊಲೀಸಿನವರು ಬಂದು ಹೆದರಿಸಿದ್ರು, ಅಲ್ವಾ?"