ಮನೆ ಮೊದಲು, ಯುದ್ಧ ಆಮೇಲೆ

ಬೆಳಿಗ್ಗೆ ಎಚ್ಚರವಾಗುವಾಗ ದಿಂಬಿನ ಪಕ್ಕದ ಪೆಟ್ಟಿಗೆಯಿಂದ ಎಲ್ಲರ ತಲೆಗೂ ನೆನಪಿನ ಡಿಸ್ಕುಗಳು ಸರದಿಯಂತೆ ಸೇರಿಕೊಳ್ಳುತ್ತವೆ. ಮಾಜಿ ಸೈನಿಕ ಬಾಳಪ್ಪನಿಗೆ ಮೊದಲು ಮನೆಯ ಡಿಸ್ಕು, ಆಮೇಲೆ ಯುದ್ಧದ್ದು.

ಇವತ್ತು ಯುದ್ಧವೇ ಮೊದಲು ಬಂತು. “ಎಷ್ಟು ಮಂದಿ ಅದೀರಿ? ಬೊಗಳು!” ಎನ್ನುತ್ತ ಹೆಂಡತಿ ಶಿವಕ್ಕನ ಕತ್ತು ಹಿಸುಕಿ, ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹೇಗೋ ಅವನ ಹೆಡಕಿನಲ್ಲಿದ್ದ ನಿದ್ದೆಯ ಗುಂಡಿ ಒತ್ತಿ ಅವಳು ಅವನನ್ನು ಮಲಗಿಸಿದಳು.

ಪೆಟ್ಟಿಗೆ ತೆರೆದಾಗ ಕಾರಣ ಕಂಡಿತು. ಸರದಿ ತಿಳಿಯಲು ಪೆಟ್ಟಿಗೆ ಓದುವ ಪಟ್ಟಿಯಲ್ಲಿ ಡಿಸ್ಕಿನ ಹೆಸರಿರಲಿಲ್ಲ, ಅದನ್ನಿಡುವ ಗೂಡಿನ ಸಂಖ್ಯೆಯಷ್ಟೇ ಇತ್ತು. ನಿನ್ನೆ ಧೂಳು ಒರೆಸಿ ಅವಳೇ ಡಿಸ್ಕುಗಳನ್ನು ಅದಲುಬದಲಾಗಿ ಇಟ್ಟಿದ್ದಳು. ಪಟ್ಟಿಯಲ್ಲಿ ಹೆಸರು ಬರೆದು, ಅವನನ್ನು ಮತ್ತೆ ಎಬ್ಬಿಸಿದಳು.

“ಯಾರು ಬಡಿದ್ರು ನಿನ್ನ?” ಎಂದ ಬಾಳಪ್ಪ.

“ನೀವೇ ರೀ. ನಾ ಡಿಸ್ಕ್ ತಪ್ಪಿ ಇಟ್ಟಿದ್ದೆ.”

ಅವನು ಅವಳ ಕತ್ತಿಗೆ ಎಣ್ಣೆ ಸವರಿದ. ಆಮೇಲೆ ಪಟ್ಟಿ ಎಳೆದುಕೊಂಡು ಕೊನೆಯಲ್ಲಿ ಬರೆದ: ‘ಮನೆ ಸಿಗದಿದ್ದರೆ ನನ್ನನ್ನು ಎಬ್ಬಿಸಬೇಡಿ.’