ಎದುರಂಗಡಿಯ ಶಟರ್

ಮನೆಯಲ್ಲಿ ವ್ಯಾಪಾರ ಮಾಡುವವರಿದ್ದರೆ ಅವರಿಗೂ ಇದನ್ನು ಓದಿ ಹೇಳಿ...

ಅರಸೀಕೆರೆಯ ಪೇಟೆ ಬೀದಿಯಲ್ಲಿ ಎದುರುಬದುರು ಎರಡು ಪಾತ್ರೆ ಅಂಗಡಿಗಳಿದ್ದವು. ಒಂದು ಓಂಕಾರಪ್ಪನದು, ಇನ್ನೊಂದು ನಂಜುಂಡಶೆಟ್ಟರದು.

ಮದುವೆ ಸೀಸನ್‌ನಲ್ಲಿ ಜನ ಇಲ್ಲಿ ರೇಟು ಕೇಳಿ ಅಲ್ಲಿಗೆ ಹೋಗುವುದು, ಅಲ್ಲಿ ಕೇಳಿ ಇಲ್ಲಿಗೆ ಬರುವುದು... ಅದನ್ನು ನೋಡಿದರೆ ಓಂಕಾರಪ್ಪನಿಗೆ ಮೈ ಉರಿಯುತ್ತಿತ್ತು.

ಹಟ ಹಿಡಿದು, ಕೈಯಿಂದ ಕಳೆದುಕೊಂಡು, ಒಂದು ವರ್ಷ ಅಸಲಿಗಿಂತ ಕಡಿಮೆಗೆ ಮಾರಿದ. ಶೆಟ್ಟರು ತಾಳಲಾರದೆ ಬಾಗಿಲು ಹಾಕಿದರು. ನಾಲ್ಕೇ ತಿಂಗಳಿಗೆ ತೀರಿಯೂ ಹೋದರು.

ಇನ್ನು ಬೀದಿಯೆಲ್ಲ ನನ್ನದೇ ಅಂದುಕೊಂಡ ಓಂಕಾರಪ್ಪ...

ಆದರೆ ಗಿರಾಕಿಗಳೇ ಕಡಿಮೆಯಾದರು! ಬೆಳಿಗ್ಗೆ ಒಬ್ಬರು, ಸಂಜೆ ಇಬ್ಬರು.

ಅದಕ್ಕಿಂತ ಕಷ್ಟ, ಎದುರಿನ ಆ ಮುಚ್ಚಿದ ಶಟರ್. ಗಾಳಿಗೆ ಅದು ಗಡಗಡ ಅಂದರೆ ಸಾಕು, ಶೆಟ್ಟರು ಅಂಗಡಿ ತೆಗೆದರೇನೋ ಎಂದು ಪಾತ್ರೆ ತೂಗುವ ಕೈ ನಿಂತುಬಿಡುತ್ತಿತ್ತು. ನಡುಮಧ್ಯಾಹ್ನವೂ ಬೆನ್ನ ಮೇಲೆ ಯಾರದೋ ಕಣ್ಣು...

ಒಂದು ದಿನ ಟೀ ಅಂಗಡಿಯ ಗೌಸ್ ಹೇಳಿದ:

"ಓಂಕಾರಣ್ಣ, ಶೆಟ್ರ ಹೆಂಡ್ತಿ ಆ ಅಂಗಡೀನ ಯಾರಿಗೂ ಕೊಡ್ತಿಲ್ಲ. ಮೊಬೈಲ್ ಅಂಗಡಿಯೋರು ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ ಕೊಡ್ತೀವಿ ಅಂದ್ರೂ ಬೇಡ ಅಂದ್ರಂತೆ. ಸಾಯೋ ಮುಂಚೆ ಶೆಟ್ರು ನಿನ್ನ ಹೆಸರು ಹೇಳಿದ್ರಂತೆ ಕಣಣ್ಣ!"

ಶಾಪವೇ ಇರಬೇಕು... ಓಂಕಾರಪ್ಪನಿಗೆ ಊಟ ಸೇರಲಿಲ್ಲ. ಮೂರನೇ ದಿನ ತಡೆಯಲಾರದೆ ಶೆಟ್ಟರ ಮನೆಗೆ ಹೋದ.

ಶೆಟ್ಟರ ಹೆಂಡತಿ ಪದ್ಮಾವತಮ್ಮ ಮಾರುವುದಕ್ಕೆಂದು ಹಪ್ಪಳ ಲಟ್ಟಿಸುತ್ತಿದ್ದರು.

"ಅಮ್ಮಾ, ಶೆಟ್ರು ನನಗೇನು ಶಾಪ ಹಾಕಿದ್ರು? ಹೇಳಿಬಿಡಿ..."

"ಶಾಪಾನಾ? ಸುಳ್ಳು ಯಾಕೆ ಹೇಳ್ಲಿ, ಬಯ್ಯೋದೇನೋ ಬಯ್ದ್ರು. 'ಬುದ್ಧಿಗೇಡಿ ನನ್ಮಗ' ಅಂದ್ರು!"

ಆಕೆ ಲಟ್ಟಣಿಗೆ ಕೆಳಗಿಟ್ಟರು.

"ಆಮೇಲೆ ಅಂದ್ರು... 'ಪದ್ಮಾ, ಅಂಗಡೀನ ಪಾತ್ರೆ ವ್ಯಾಪಾರದೋರಿಗೇ ಕೊಡು. ಜನ ನಾಲ್ಕು ಕಡೆ ನೋಡಿ ತಗೊಳ್ಳೋರು. ಒಂದೇ ಅಂಗಡಿ ಇದ್ರೆ ಈ ಬೀದಿಗೇ ಬರಲ್ಲ, ತಿಪಟೂರಿಗೆ ಹೋಗ್ತಾರೆ. ಓಂಕಾರಪ್ಪನೂ ಮುಳುಗ್ತಾನೆ. ಅವನಿಗೂ ಇಬ್ರು ಹೆಣ್ಣುಮಕ್ಕಳಿದಾರೆ' ಅಂತ. ಪಾತ್ರೆಯೋರು ಯಾರೂ ಬರಲಿಲ್ಲ. ಅದಕ್ಕೇ ಬೀಗ ಹಾಕಿದೆ."

ಓಂಕಾರಪ್ಪ ಆ ಹಪ್ಪಳಗಳನ್ನೇ ನೋಡಿದ. ತಿಂಗಳಿಗೆ ಹನ್ನೆರಡು ಸಾವಿರ ಬಿಟ್ಟು... ತನಗಾಗಿ!

ಅಲ್ಲೇ ಕೂತು ಅತ್ತುಬಿಟ್ಟ.

"ಅಮ್ಮಾ, ನೀವೇ ಅಂಗಡಿ ತೆಗೀರಿ. ಮಾಲು ನಾನು ಹಾಕ್ತೀನಿ, ಮಾರಿದ ಮೇಲೆ ದುಡ್ಡು ಕೊಡಿ."

"ನಿಮಗಿಂತ ಕಡಿಮೆಗೆ ಮಾರಿದ್ರೆ?"

"ಮಾರಿ ಅಮ್ಮಾ..."

ಈಗ ಆ ಬೀದಿಗೆ ಮತ್ತೆ ಮದುವೆ ಮನೆಯವರು ಬರುತ್ತಾರೆ. ಗಿರಾಕಿ ರೇಟು ಜಾಸ್ತಿ ಅಂದರೆ, "ಎದುರುಗಡೆ ಶೆಟ್ರ ಅಂಗಡೀಲೂ ಕೇಳ್ಕೊಂಡು ಬನ್ನಿ" ಅನ್ನುತ್ತಾನೆ ಓಂಕಾರಪ್ಪ.

ಅಂದಾಗಲೆಲ್ಲ ಎದುರಿನ ತೆರೆದ ಶಟರ್ ಕಡೆ ನೋಡುತ್ತಾನೆ... ಆ ಮಾತನ್ನು ಕೇಳಿಸಿಕೊಳ್ಳಬೇಕಾದವರೇ ಇಲ್ಲ.

*ದುಡ್ಡಿದ್ದರೆ ಎದುರಂಗಡಿ ಮುಚ್ಚಿಸಬಹುದು. ಆ ಅಂಗಡಿ ಇರುವುದರಿಂದಲೇ ನಮ್ಮಂಗಡಿಗೂ ಜನ ಬರುತ್ತಾರೆಂದು ತಿಳಿಯಲು ವಿವೇಕ ಬೇಕು.*

ನಿಮ್ಮ ಎದುರಂಗಡಿಯವರನ್ನು ನೀವು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?