ಎದುರುಮನೆಯವರ ಮಾತು

ದಲ್ಲಾಳಿಯ ಮಾತನ್ನಷ್ಟೇ ನಂಬಿ ಮನೆ ಕೊಳ್ಳಬಾರದೆಂದು, ಬೀದಿಯವರನ್ನೇ ವಿಚಾರಿಸಲು ಜಯದೇವ ಒಬ್ಬನೇ ಬಂದಿದ್ದ. ಮಾರಾಟಕ್ಕಿದ್ದ ಮನೆಯ ಎದುರುಮನೆ ಜಗಲಿಯಲ್ಲಿ ಸರ್ವಮಂಗಳಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಅಮ್ಮಾ, ಈ ಕಡೆ ಮನೆಗಳ ರೇಟು ಹೇಗಿದೆ?"

"ರೇಟಿರಲಿ, ಆ ಮನೇಲಿ ಯಾರು ಉಳಿದ್ರು ಅಂತ ಕೇಳಪ್ಪ," ಎಂದು ಅವರು ದನಿ ತಗ್ಗಿಸಿದರು. "ಮನೆಯೊಡತಿ ವನಜಾಕ್ಷಿ ಗಂಡ ಹಿಂದಿನ ಕೋಣೇಲೇ ನೇಣು ಹಾಕ್ಕೊಂಡ. ಆಮೇಲೆ ಬಾಡಿಗೆಗೆ ಬಂದವರ ಕೂಸು ಅಲ್ಲೇ ಮಲಗಿದ್ದು ಏಳಲೇ ಇಲ್ಲ. ನಿನಗೆ ಮಕ್ಕಳಿದ್ದಾರಾ?"

ಹಾಲುಗಲ್ಲದ ಮಗಳು ಜಯದೇವನ ಕಣ್ಣ ಮುಂದೆ ಬಂದಳು. ಆ ಮುಚ್ಚಿದ ಕಿಟಕಿಗಳತ್ತ ಮತ್ತೆ ನೋಡುವ ಧೈರ್ಯ ಬರಲಿಲ್ಲ. ಬೀದಿಯ ತಿರುವು ದಾಟಿದವನೇ ದಲ್ಲಾಳಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ, ಕಾರಣ ಹೇಳಲು ಬಾಯಿ ಬಾರದೆ, ಮನೆ ಬೇಡವೆಂದಷ್ಟೇ ವನಜಾಕ್ಷಿಗೆ ತಿಳಿಸಿದ.

ಆಕೆ ನಿಟ್ಟುಸಿರಿಟ್ಟಳು.

"ನೋಡಿದವರೆಲ್ಲ ಹೀಗೇ ಬೇಡ ಅಂತಾರೆ ಸಾರ್. ನಮ್ಮ ಯಜಮಾನ್ರು ಆಸ್ಪತ್ರೇಲಿದ್ದಾರೆ, ಆಪರೇಷನ್ ಇನ್ನು ತಡ ಮಾಡೋ ಹಾಗಿಲ್ಲ. ಎದುರುಮನೆ ಸರ್ವಮಂಗಳಮ್ಮ ಅರ್ಧ ಬೆಲೆಗಾದ್ರೆ ತಗೋತೀನಿ ಅಂತ ಮಾರಾಟಕ್ಕಿಟ್ಟಾಗಿಂದ ಹೇಳ್ತಾನೇ ಇದ್ದಾರೆ, ಪುಣ್ಯಾತ್ಗಿತ್ತಿ, ಅವರಿಗೇ ಕೊಟ್ಟುಬಿಡ್ತೀನಿ."